ಹವಳದ ತೊಟ್ಟಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವುದನ್ನು ನೀವೆಲ್ಲ ನೋಡಿರುತ್ತೀರಿ. ಅದು ಸಾಮಾನ್ಯವಾಗಿ ಸಿಹಿನೀರಿನ ತೊಟ್ಟಿ. ಉಪ್ಪುನೀರು ತುಂಬಿಸಿ, ಅದರೊಳಗೆ ಹವಳ ಬೆಳೆಸುವ ತೊಟ್ಟಿಗಳೂ ಇವೆ. ಅಂಥ ತೊಟ್ಟಿಯ ಪ್ರತಿ ಲೀಟರ್ ನೀರಿನಲ್ಲಿ ಸಮುದ್ರದ ನೀರಿನಂತೆಯೇ ಸುಮಾರು 35 ಗ್ರಾಂ ಉಪ್ಪು ಇರಬೇಕು. ತೊಟ್ಟಿಯ ಮೇಲೆ ಪ್ರಖರವಾದ ದೀಪವೂ ಬೇಕು. ಆದರೂ ತಿಳಿದವರು ಹೊಸ ತೊಟ್ಟಿ ಕಟ್ಟಿದಾಗ ಮೊದಲ ಕೆಲವು ವಾರ ಆ ದೀಪ ಹಚ್ಚುವುದಿಲ್ಲ. ಯಾಕೆ ಗೊತ್ತಾ?

ಬಂಡೆಗೂ ಜೀವ ಉಂಟಾ?

ಇಂಥ ತೊಟ್ಟಿಯ ತಳದಲ್ಲಿ ‘ಲೈವ್ ರಾಕ್’ ಎಂಬ ಕಲ್ಲುಗಳನ್ನು ಜೋಡಿಸುತ್ತಾರೆ. ಲೈವ್ ರಾಕ್ ಅಂದರೆ ಜೀವಂತ ಬಂಡೆ. ನಿಜಕ್ಕೂ ಅದು ಸತ್ತ ಹವಳಗಳ ಸುಣ್ಣದ ಅಸ್ಥಿಪಂಜರ. ಕಲ್ಲಿಗೆ ಜೀವ ಇಲ್ಲ. ಅದರ ಮೈತುಂಬ ಇರುವ ತೂತುಗಳಲ್ಲಿ ಸ್ಪಂಜು, ಹುಳು, ಪುಟ್ಟ ಏಡಿ, ಪಾಚಿ ಮತ್ತು ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ವಾಸ ಮಾಡುತ್ತವೆ.

ಈ ಕಲ್ಲು ನೀರಿನಿಂದ ಹೊರಗೆ ಬಂದು ಪ್ರಯಾಣ ಮಾಡುವಾಗ ಒಳಗಿನ ಅನೇಕ ಜೀವಿಗಳು ಸಾಯುತ್ತವೆ. ಮತ್ತೆ ನೀರಿಗೆ ಹಾಕಿದಾಗ ಅವು ಕೊಳೆಯುತ್ತವೆ, ನೀರು ನಾರುತ್ತದೆ. ಕೊಳೆತದ್ದೆಲ್ಲ ತೊಳೆದುಹೋಗಿ ನೀರು ಶುದ್ಧವಾಗುವವರೆಗೆ ಕಾಯುವುದಕ್ಕೆ ಕಲ್ಲನ್ನು ‘ಹದಗೊಳಿಸುವುದು’ ಅನ್ನೋಣ. ಇದಕ್ಕೆ ಸಾಮಾನ್ಯವಾಗಿ ಕೆಲವು ವಾರಗಳೇ ಬೇಕು.

ಕಾಣದ ಕೆಲಸಗಾರರು

ಕೊಳೆಯುವ ವಸ್ತುವಿನಿಂದ ಅಮೋನಿಯಾ ಹುಟ್ಟುತ್ತದೆ. ಇದು ಮೀನಿಗೂ ಹವಳಕ್ಕೂ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ವಿಷ ಬಹಳ ಕಡಿಮೆ. ಕಲ್ಲಿನ ಆಳದಲ್ಲಿ ಆಮ್ಲಜನಕ ಸಿಗದ ಜಾಗಗಳಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುತ್ತವೆ.

ನಮ್ಮ ತಿಪ್ಪೆಗುಂಡಿಯಲ್ಲೂ ಹೊಲದ ಮಣ್ಣಲ್ಲೂ ಇದೇ ಚಕ್ರ ನಡೆಯುತ್ತದೆ. ಹಸಿ ಗೊಬ್ಬರ ಹಾಕಿದ ಕೂಡಲೇ ಸಸಿ ನೆಟ್ಟರೆ ಅದು ಸುಟ್ಟುಹೋಗುತ್ತದೆ, ಗೊಬ್ಬರ ಕಳಿಯಬೇಕು. ತೊಟ್ಟಿಗೂ ಅದೇ ನ್ಯಾಯ.

ಈ ಮೊದಲ ಎರಡು ಗುಂಪುಗಳಿಗೆ ಬೆಳಕು ಬೇಡ. ಅಮೋನಿಯಾ, ನೈಟ್ರೈಟ್‌ಗಳಿಂದಲೇ ಅವು ಶಕ್ತಿ ಪಡೆಯುತ್ತವೆ. 1890ರ ಸುಮಾರಿಗೆ ರಷ್ಯಾದ ವಿಜ್ಞಾನಿ ಸೆರ್ಗೆ ವಿನೊಗ್ರಾಡ್‌ಸ್ಕಿ ಇದನ್ನು ತೋರಿಸಿಕೊಟ್ಟರು. ಇಷ್ಟೇ ಅಲ್ಲ, ಪ್ರಖರ ಬೆಳಕು ಬಿದ್ದರೆ ಈ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ.

ದೀಪ ಹಾಕಿದರೆ ಏನಾಗುತ್ತೆ?

ಬೆಳಕಿಗಾಗಿ ಕಾದು ಕೂತಿರುವುದು ಪಾಚಿ. ಹದವಾಗುತ್ತಿರುವ ತೊಟ್ಟಿಯಲ್ಲಿ ಅದಕ್ಕೆ ಬೇಕಾದ ಗೊಬ್ಬರ ಧಾರಾಳ ಇರುತ್ತದೆ. ಕಮ್ಮಿ ಇರುವುದು ಬೆಳಕು ಒಂದೇ. ದೀಪ ಹಚ್ಚಿದಿರೋ, ಮೊದಲು ಕಂದು ಲೇಪ, ಆಮೇಲೆ ಕೂದಲಿನಂಥ ಹಸಿರು ಪಾಚಿ ಕಲ್ಲನ್ನೆಲ್ಲ ಮುಚ್ಚಿಬಿಡುತ್ತದೆ. ಒಮ್ಮೆ ಬೇರೂರಿದ ಪಾಚಿಯನ್ನು ತೆಗೆಯುವುದು ಬಲು ಕಷ್ಟ. ಮುಂದೆ ಬರುವ ಹವಳಕ್ಕೆ ಜಾಗವೇ ಉಳಿಯುವುದಿಲ್ಲ.

ಹಾಗಂತ ಕತ್ತಲೆಯಿಂದ ನಷ್ಟವೇ ಇಲ್ಲ ಅಂತಲ್ಲ. ಕಲ್ಲಿನ ಮೇಲಿನ ಗುಲಾಬಿ ಬಣ್ಣದ ಸುಣ್ಣದ ಪಾಚಿಗೆ ಸ್ವಲ್ಪ ಬೆಳಕು ಬೇಕು. ಅದನ್ನು ಉಳಿಸಿಕೊಳ್ಳಲು ಕೆಲವರು ದಿನಕ್ಕೆ ಒಂದೆರಡು ಗಂಟೆ ಮಂದ ಬೆಳಕು ಕೊಡುತ್ತಾರೆ. ಆದರೆ ಪಂಪು ಮಾತ್ರ ಹಗಲೂ ರಾತ್ರಿ ಓಡುತ್ತಿರಬೇಕು. ಬ್ಯಾಕ್ಟೀರಿಯಾಗಳಿಗೆ ಬೆಳಕು ಬೇಡ, ಆಮ್ಲಜನಕ ಬೇಕು.

ನೀರನ್ನು ಪರೀಕ್ಷಿಸಿದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಅಲ್ಲೇ ನಿಂತ ಮೇಲೆ ಬೆಳಕಿನ ಸರದಿ. ಮೊದಲು ದಿನಕ್ಕೆ ನಾಲ್ಕು ಗಂಟೆ, ಆಮೇಲೆ ಮೆಲ್ಲಗೆ ಎಂಟು ಗಂಟೆಯವರೆಗೆ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳಿವೆ. ಅವು ದ್ಯುತಿಸಂಶ್ಲೇಷಣೆ ಮಾಡಿ ಹವಳಕ್ಕೆ ಆಹಾರ ಕೊಡುತ್ತವೆ. ಅದಕ್ಕೇ ಹವಳಕ್ಕೆ ಬೆಳಕು ಬೇಕು. ಒಮ್ಮೆಲೇ ಹೆಚ್ಚು ಬೆಳಕು ಬಿದ್ದರೆ ಹವಳ ಆ ಪಾಚಿಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ.

ಒಂದು ಎಚ್ಚರಿಕೆ

ಕಾಸರಗೋಡಿನಿಂದ ನೈಋತ್ಯಕ್ಕೆ, ಅರಬ್ಬಿ ಸಮುದ್ರದಲ್ಲಿರುವ ಲಕ್ಷದ್ವೀಪಗಳು ಹವಳದಿಂದಲೇ ಆದವು. ನಮ್ಮ ದೇಶದಲ್ಲಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಸಮುದ್ರದಿಂದ ಕೀಳುವುದು, ಮಾರುವುದು ಅಪರಾಧ. ತೊಟ್ಟಿಗೆ ಮನುಷ್ಯರೇ ತಯಾರಿಸಿದ ತೂತುಗಲ್ಲು ಸಾಕು. ಬ್ಯಾಕ್ಟೀರಿಯಾಗಳು ಅದರಲ್ಲೂ ಮನೆ ಮಾಡುತ್ತವೆ. ಸ್ವಲ್ಪ ಹೆಚ್ಚು ದಿನ ಕಾಯಬೇಕು, ಅಷ್ಟೆ.

ಮಾಡಿ ನೋಡಿ

ಒಂದೇ ಅಳತೆಯ ಎರಡು ಗಾಜಿನ ಬಾಟಲಿ ತೊಗೊಳ್ಳಿ. ಎರಡಕ್ಕೂ ಒಂದೇ ಕೆರೆಯ ನೀರು ತುಂಬಿಸಿ, ಒಂದೊಂದು ಚಿಟಿಕೆ ಕಳಿತ ಗೊಬ್ಬರ ಹಾಕಿ. ಸೊಳ್ಳೆ ಮೊಟ್ಟೆ ಇಡದಂತೆ ಬಾಯಿಗೆ ತೆಳು ಬಟ್ಟೆ ಕಟ್ಟಿ. ಒಂದು ಬಾಟಲಿಗೆ ಕಪ್ಪು ಬಟ್ಟೆ ಸುತ್ತಿ, ಎರಡನ್ನೂ ಒಂದೇ ಕಿಟಕಿಯ ಬಳಿ ಅಕ್ಕಪಕ್ಕ ಇಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಎರಡು ವಾರ ದಿನವೂ ನೀರಿನ ಬಣ್ಣ ನೋಡಿ ಬರೆದಿಡಿ. ಯಾವುದು ಹಸಿರಾಯಿತು? ಎರಡನೆಯ ಬಾಟಲಿಯನ್ನು ಕತ್ತಲೆ ಕೋಣೆಯಲ್ಲಿ ಇಡದೆ, ಬಟ್ಟೆ ಸುತ್ತಿ ಪಕ್ಕದಲ್ಲೇ ಇಟ್ಟದ್ದು ಯಾಕೆ? ಯೋಚಿಸಿ, ನಿಮ್ಮ ವಿಜ್ಞಾನ ಮೇಷ್ಟ್ರ ಜೊತೆ ಚರ್ಚಿಸಿ.