ಪಟ್ಟು ಮತ್ತು ಮರುಪಟ್ಟು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಿನ ನಮ್ಮ ವಿದ್ಯಾರ್ಥಿಗಳಲ್ಲಿ ಮಟ್ಟಿಯ ಕುಸ್ತಿಯನ್ನು ಕಣ್ಣಾರೆ ಕಂಡವರು ಇದ್ದೇ ಇರುತ್ತಾರೆ. ಸಣ್ಣ ಆಳು ದೊಡ್ಡ ಆಳನ್ನು ಎತ್ತಿ ಒಗೆಯುತ್ತಾನೆ. ಜನ ಶಿಳ್ಳೆ ಹಾಕುತ್ತಾರೆ. ಆದರೂ ಗೆಲುವು ಅವನದಲ್ಲ. ಎದುರಾಳಿ ಬೋರಲಾಗಿ ಬಿದ್ದಿದ್ದಾನೆ. ಬೆನ್ನು ಮಣ್ಣಿಗೆ ತಾಗಿ ‘ಚಿತ್’ ಆಗಿಲ್ಲ. ಒಗೆಯುವ ಪಟ್ಟು ಒಂದಾದರೆ, ಅದರ ಬೆನ್ನಿಗೆ ಬರಬೇಕಾದ ಮರುಪಟ್ಟು ಇನ್ನೊಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವನ್ನು ವಿವರಿಸಿದ್ದಾನೆ. ಈ ವಿದ್ಯೆಯ ಹಿಂದಿರುವ ಭೌತವಿಜ್ಞಾನವನ್ನು ನಾವೀಗ ಪರಿಶೀಲಿಸೋಣ.

ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಪಾದಗಳು ಆವರಿಸಿದ ನೆಲದೊಳಗೆ ಬೀಳುವವರೆಗೆ ಮನುಷ್ಯನು ಉರುಳನು. 70 ಕಿಲೋಗ್ರಾಂ ತೂಕದ ಮಲ್ಲನೊಬ್ಬನು ಕಾಲುಗಳನ್ನು ಪಕ್ಕಕ್ಕೆ ಅಗಲಿಸಿ ನಿಂತಿದ್ದಾನೆನ್ನೋಣ. ಲಂಬರೇಖೆಯಿಂದ ಪಕ್ಕದ ಅಂಚಿಗೆ 30 ಸೆಂಟಿಮೀಟರ್. ಮುಂದಿನ ಅಂಚಿಗೆ ಕೇವಲ 12 ಸೆಂಟಿಮೀಟರ್. 140 ಸೆಂಟಿಮೀಟರ್ ಎತ್ತರದಲ್ಲಿರುವ ಅವನ ಭುಜವನ್ನು ಹಿಡಿದು ಪಕ್ಕಕ್ಕೆ ಉರುಳಿಸಲು 15 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಮುಂದಕ್ಕಾದರೆ 6 ಕಿಲೋಗ್ರಾಂ ಸಾಕು! ಆದರೆ ಅವನು ಒಂದು ಹೆಜ್ಜೆ ಮುಂದಿಟ್ಟರೆ ಈ ಲೆಕ್ಕವೆಲ್ಲ ಕೆಡುತ್ತದೆ. ಆದುದರಿಂದಲೇ ಎಳೆಯುವ ಕ್ಷಣದಲ್ಲಿಯೇ ಅವನ ಕಾಲಿಗೆ ಕಾಲನ್ನು ಅಡ್ಡಗೊಡಬೇಕು.

ಮೊದಲು ಎದೆಗೆ ಕೈಯಿಟ್ಟು ತಳ್ಳುವುದರ ಮರ್ಮವೂ ಇದೇ. ತಳ್ಳಿಸಿಕೊಂಡವನು ತಾನೂ ಮುಂದಕ್ಕೆ ಒತ್ತುತ್ತಾನೆ. ಆಗ ಥಟ್ಟನೆ ಎಳೆದರೆ ಅವನ ಬಲವೂ ನಮ್ಮ ಬಲಕ್ಕೆ ಕೂಡಿಕೊಳ್ಳುತ್ತದೆ.

ಎತ್ತುವಾಗ ಇನ್ನೊಂದು ಎಚ್ಚರಿಕೆ ಅವಶ್ಯ. ಸಮಾನ ತೂಕದ ಇಬ್ಬರ ಜಂಟಿ ಗುರುತ್ವಕೇಂದ್ರವು ಅವರ ನಡುವೆ ಸರಿಯರ್ಧದಲ್ಲಿರುತ್ತದೆ. ಎದುರಾಳಿಯನ್ನು 40 ಸೆಂಟಿಮೀಟರ್ ದೂರದಲ್ಲಿ ಎತ್ತಿದರೆ ಅದು 20 ಸೆಂಟಿಮೀಟರ್ ಮುಂದೆ ಸರಿದು ಕಾಲ್ಬೆರಳುಗಳ ಆಚೆಗೆ ಹೋಗುತ್ತದೆ, ಎತ್ತಿದವನೇ ಮುಗ್ಗರಿಸುತ್ತಾನೆ. ಮೈಗೆ ಮೈ ಹತ್ತಿಸಿ ಎತ್ತುವುದೇ ಕ್ಷೇಮ.

ಇನ್ನು ಮರುಪಟ್ಟು. ಒಂದು ಮೀಟರ್ ಎತ್ತರದಿಂದ ಬೀಳುವ ವಸ್ತು ಸುಮಾರು 0.45 ಸೆಕೆಂಡಿನಲ್ಲಿ ನೆಲ ಸೇರುತ್ತದೆ. ಕಂಡದ್ದಕ್ಕೆ ಮೈ ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಆಯ್ಕೆಗಳು ಹೆಚ್ಚಿದಂತೆ ನಿರ್ಧಾರದ ಕಾಲವೂ ಹೆಚ್ಚುವುದೆಂದು 1952ರಲ್ಲಿ ಹಿಕ್ ಎಂಬ ಆಂಗ್ಲ ವಿಜ್ಞಾನಿ ತೋರಿಸಿದನು. ಬಿದ್ದ ಮೇಲೆ ಹತ್ತು ಪಟ್ಟುಗಳನ್ನು ನೆನೆಯುತ್ತ ನಿಂತವನಿಗೆ ಸಮಯ ಕೈತಪ್ಪುತ್ತದೆ. ಅಷ್ಟರಲ್ಲಿ ಬಿದ್ದವನು ಕೈಕಾಲು ಚಾಚಿ, ನೆಲಕ್ಕೆ ಅಂಟಿ, ಆಧಾರವನ್ನು ವಿಸ್ತರಿಸಿಕೊಳ್ಳುತ್ತಾನೆ. ಆದ್ದರಿಂದ ಒಗೆಯುವಾಗಲೇ ಅವನ ಒಂದು ಕೈಯನ್ನು ಬಿಡದೆ ಹಿಡಿದಿರಬೇಕು. ಬೋರಲಾಗಿ ಬಿದ್ದರೂ ಆ ಬದಿಗೆ ಊರುಗೋಲಿಲ್ಲದಂತಾಗುವುದರಿಂದ, ಅದೇ ಬದಿಗೆ ಹೊರಳಿಸುವುದು ಸುಲಭ. ಅನೇಕ ಪಟ್ಟುಗಳನ್ನು ಅರೆಬರೆ ಬಲ್ಲವನಿಗಿಂತ, ಒಂದೊಂದು ಪಟ್ಟಿಗೂ ಒಂದೆರಡು ಮರುಪಟ್ಟುಗಳನ್ನು ಮೈಗೂಡಿಸಿಕೊಂಡವನೇ ಮೇಲು.

ಕೊನೆಯದಾಗಿ ಒಂದು ಮಾತು. ಗರಡಿಯ ಸಡಿಲ ಮಣ್ಣು ಬೀಳುವ ದೇಹವನ್ನು ನಿಧಾನವಾಗಿ ನಿಲ್ಲಿಸುತ್ತದೆ, ಪೆಟ್ಟು ತಗ್ಗುತ್ತದೆ. ಶಾಲೆಯ ಗಟ್ಟಿ ಅಂಗಳಕ್ಕೆ ಆ ಗುಣವಿಲ್ಲ. ಅಲ್ಲಿ ಕುತ್ತಿಗೆಗೇ ಅಪಾಯ. ಲೆಕ್ಕವನ್ನು ಕಾಗದದ ಮೇಲೆ ಮಾಡಿರಿ. ಪಟ್ಟನ್ನು ಮಾತ್ರ ಉಸ್ತಾದರ ಎದುರಿನಲ್ಲಿ, ಮಟ್ಟಿಯ ಮೇಲೆಯೇ ಕಲಿಯಿರಿ.