ಶರತ್ತಿನಲ್ಲಿ ಉದುರುವುದು ತೊಗರಿ ಹೂ

ಕನ್ನಡದ ಹಾಯ್ಕುಗಳಲ್ಲಿ ಶರತ್ಕಾಲ ಬಂತೆಂದರೆ ಸಾಮಾನ್ಯವಾಗಿ ಒಂದು ಕೆಂಪೆಲೆ ಉದುರುತ್ತದೆ. ಮರ ಬೋಳಾಗುತ್ತದೆ, ಕವಿಗೆ ಮುಪ್ಪು ನೆನಪಾಗುತ್ತದೆ. ಜಪಾನಿನಲ್ಲಿ, ಯುರೋಪಿನಲ್ಲಿ ಅದು ಕಣ್ಣೆದುರಿನ ಸಂಗತಿ. ಆದರೆ ಅಕ್ಟೋಬರ್ ಕೊನೆಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಬಂದು ನೋಡಿ. ಬೇವು ಹಸಿರು, ಹುಣಸೆ ಹಸಿರು, ದಸರೆಗೆ ಊರಿಗೆಲ್ಲ ಬಂಗಾರ ಹಂಚಿದ ಬನ್ನಿಯೂ ಹಸಿರು. ಚಿಂಚೋಳಿ ಕಾಡಿನ ತೇಗ ಇನ್ನೂ ಎಲೆ ಕಳಚಿರುವುದಿಲ್ಲ. ನಮ್ಮ ಗಿಡಗಳು ಬರಿದಾಗುವುದು ಸಂಕ್ರಾಂತಿ ದಾಟಿ ಬಿಸಿಲು ಬಲಿಯತೊಡಗಿದ ಮೇಲೆ. ಶರತ್ತಿನಲ್ಲಿ ಇಲ್ಲಿ ಉದುರುವುದು ತೊಗರಿ ಹೂ.

ಅದು ಉದುರಿದರೆ ರೈತನ ವರ್ಷವೇ ಉದುರಿದಂತೆ. ಜೂನ್-ಜುಲೈಯಲ್ಲಿ ಬಿತ್ತಿದ ತೊಗರಿ ಅಕ್ಟೋಬರ್-ನವೆಂಬರಿನಲ್ಲಿ ಹೂವಿಗೆ ಬರುತ್ತದೆ. ಕಪ್ಪು ನೆಲದ ಮೇಲೆ ಎದೆಯೆತ್ತರದ ಹಳದಿ; ಕೆಲವು ಹೂಗಳ ಬೆನ್ನಿನ ಮೇಲೆ ಸಣ್ಣ ಕೆಂಪು ಗೆರೆಗಳು. ಆ ದಿನಗಳಲ್ಲಿ ಮೋಡ ಕವಿದರೆ, ಬೆಳಗ್ಗೆ ದಟ್ಟ ಮಂಜು ಬಿದ್ದರೆ ಹೂ ನೆಲ ಸೇರುತ್ತದೆ. ‘ಮಂಜ ಬಿದ್ರ ಹೂ ನಿಂದ್ರಲ್ರಿ’ ಎನ್ನುವ ಮಾತು ಈ ಸೀಮೆಯ ಯಾವ ಹೊಲದ ಬದುವಿನ ಮೇಲೆ ನಿಂತರೂ ಕೇಳಬಹುದು. ಬೇರೆ ಕಡೆಯ ಕವಿತೆಯಲ್ಲಿ ಮಂಜು ಎಂದರೆ ಮುಸುಕು, ಮೌನ, ಚೆಲುವು. ಇಲ್ಲಿ ಮಂಜು ಎಂದರೆ ಸಾಲ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಯ ಹಿಂದೆ ಈ ಮಂಜಿನ ಭಯ ಪ್ರತಿವರ್ಷ ಇದ್ದೇ ಇರುತ್ತದೆ. ಇದನ್ನು ಬಿಟ್ಟು, ಕಂಡೇ ಇರದ ಮೇಪಲ್ ಎಲೆಯ ಮೇಲೆ ಇಲ್ಲಿನ ಹುಡುಗ ಹಾಯ್ಕು ಬರೆದರೆ ಅದು ಹಾಯ್ಕುವಿನ ಕಟ್ಟಳೆಗೇ ವಿರುದ್ಧ.

ಕಟ್ಟಳೆ ಎಂದೆ. ಹಾಯ್ಕು ಎಂದರೆ ಐದು-ಏಳು-ಐದು ಎಂದಷ್ಟೇ ನಾವು ಕಲಿತಿದ್ದೇವೆ. ಜಪಾನೀಯರಿಗೆ ಎಣಿಕೆಯಷ್ಟೇ ಮುಖ್ಯವಾದವು ಇನ್ನೆರಡು: ಋತುವನ್ನು ಸೂಚಿಸುವ ಒಂದು ಪದ, ಮತ್ತು ಪದ್ಯವನ್ನು ಎರಡಾಗಿ ಕತ್ತರಿಸುವ ಒಂದು ನಿಲುಗಡೆ. ಋತುಪದವನ್ನು ಅವರು ‘ಕಿಗೊ’ ಎನ್ನುತ್ತಾರೆ. ಕಿಗೊಗಳನ್ನೆಲ್ಲ ಋತುವಾರು ಜೋಡಿಸಿದ ಕೋಶಗಳೇ ಇವೆ. ಅವಕ್ಕೆ ‘ಸೈಜಿಕಿ’ ಎಂದು ಹೆಸರು. ಅವರ ಹಳೆಯ ಪಂಚಾಂಗದಂತೆ ಶರತ್ತು ಸುಮಾರು ಆಗಸ್ಟ್ 7ಕ್ಕೆ ಶುರುವಾಗಿ ನವೆಂಬರ್ 7ರ ಹೊತ್ತಿಗೆ ಮುಗಿಯುತ್ತದೆ. ಆ ಭಾಗದಲ್ಲಿ ಕೆಂಪೆಲೆಯ ಜೊತೆಗೆ ಇಬ್ಬನಿ ಇದೆ, ಜೀರುಂಡೆಯ ದನಿ ಇದೆ, ಹೊಲದ ಬೆದರುಬೊಂಬೆ ಇದೆ. ಬರೀ ‘ಚಂದ್ರ’ ಎಂದರೆ ಸಾಕು, ಓದುಗರು ಶರತ್ತಿನ ಚಂದ್ರ ಎಂದೇ ತಿಳಿಯುತ್ತಾರೆ. ಏರೋಪ್ಲೇನ್ ಚಿಟ್ಟೆ ಕೂಡ ಅಲ್ಲಿ ಶರತ್ತಿನದೇ. ನಮ್ಮಲ್ಲೂ ಮಳೆಗಾಲ ಹಿಂದೆ ಸರಿಯುವಾಗ ಅವು ಹಿಂಡುಗಟ್ಟಿ ಹಾರುತ್ತವೆ. ಅವುಗಳಲ್ಲಿ ಒಂದು ಜಾತಿ ಭಾರತದಿಂದ ಹೊರಟು ಮಾಲ್ಡೀವ್ಸ್ ಮೇಲಾಗಿ, ಸಮುದ್ರ ದಾಟಿ ಪೂರ್ವ ಆಫ್ರಿಕಾ ಮುಟ್ಟುತ್ತದೆ ಎಂದು ಕೀಟವಿಜ್ಞಾನಿಗಳು ಹೇಳುತ್ತಾರೆ. ಬೆರಳುದ್ದದ ಜೀವದ ಈ ಪಯಣ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಿತ್ಯದ ಬದುಕನ್ನು ಹಾಯ್ಕುವಿನ ನಡುಮನೆಗೆ ಕರೆತಂದವರಲ್ಲಿ ಇಬ್ಬರನ್ನು ನೆನೆಯಲೇಬೇಕು. 1763ರಲ್ಲಿ ಹುಟ್ಟಿದ ಇಸ್ಸಾ ನೊಣ, ಚಿಗಟ, ಬಸವನಹುಳು ಯಾವುದನ್ನೂ ಕೀಳೆನ್ನಲಿಲ್ಲ. ಸುಮಾರು 20,000 ಪದ್ಯ ಬರೆದ. ಮಸಾವೊಕಾ ಶಿಕಿ (1867–1902) ಬೆನ್ನೆಲುಬಿನ ಕ್ಷಯದಿಂದ ಹಾಸಿಗೆ ಹಿಡಿದವನು. ಕೊನೆಯ ವರ್ಷಗಳಲ್ಲಿ ಅವನ ಪ್ರಪಂಚ ಎಂದರೆ ಮಲಗಿದಲ್ಲಿಂದ ಕಾಣುವ ಅಂಗಳ, ಅದರಲ್ಲಿನ ಕೋಳಿಜುಟ್ಟಿನ ಹೂಗಳು. ಕಂಡದ್ದನ್ನು ಕಂಡ ಹಾಗೆ ಚಿತ್ರಿಸು ಎಂಬುದು ಅವನ ಪಾಠ. ‘ಹಾಯ್ಕು’ ಎಂಬ ಹೆಸರು ನೆಲೆನಿಂತದ್ದೂ ಅವನಿಂದಲೇ. ಕಾಣುವುದಕ್ಕೆ ದೂರ ಹೋಗಬೇಕಿಲ್ಲ ಎಂಬುದಕ್ಕೆ ಇವನಿಗಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಮಳೆಯ ಹೆಸರುಗಳೇ ನಮ್ಮ ಕೋಶ

ನಮಗೆ ಸೈಜಿಕಿ ಇಲ್ಲವೆ? ಇದೆ, ಅಚ್ಚಾಗಿಲ್ಲ ಅಷ್ಟೆ. ಹೊಲದವರ ಬಾಯಲ್ಲಿ ವರ್ಷವೆಂದರೆ ನಕ್ಷತ್ರಗಳ ಸಾಲು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಮಳೆಗೂ ಅದೇ ಹೆಸರು. ಸೆಪ್ಟೆಂಬರ್ ನಡುವಿನಲ್ಲಿ ಉತ್ತರಿ, ಕೊನೆಗೆ ಹಸ್ತ, ಅಕ್ಟೋಬರಿನಲ್ಲಿ ಚಿತ್ತಿ, ದೀಪಾವಳಿಯ ಆಸುಪಾಸು ಸ್ವಾತಿ, ಆಮೇಲೆ ವಿಶಾಖ. ‘ಹಸ್ತ’ ಎಂದೊಡನೆ ಹಿಂಗಾರಿ ಜೋಳದ ಬಿತ್ತನೆ ಕಣ್ಣಿಗೆ ಬರುತ್ತದೆ, ಕೂರಿಗೆಯ ಸದ್ದು ಬರುತ್ತದೆ. ಒಂದೇ ಪದದಲ್ಲಿ ದಿನಾಂಕ, ಹವೆ, ಕೆಲಸ, ಆತಂಕ ನಾಲ್ಕೂ ಅಡಕವಾಗಿವೆ. ಹದಿನೇಳು ಅಕ್ಷರದಲ್ಲಿ ಬರೆಯುವವನಿಗೆ ಇಂಥ ಪದ ಸಿಕ್ಕರೆ ಅರ್ಧ ಕೆಲಸ ಆದಂತೆ. ಇದರ ಜೊತೆಗೆ ಹಬ್ಬಗಳಿವೆ: ಮಹಾನವಮಿಯ ಬನ್ನಿ, ಸೀಗಿ ಹುಣ್ಣಿಮೆ, ಚಿಂಚೋಳಿ ತಾಂಡಾಗಳಲ್ಲಿ ದೀಪಾವಳಿ ಅಮಾವಾಸ್ಯೆಯ ರಾತ್ರಿ ಲಂಬಾಣಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ‘ಮೇರಾ’.

ಮಿತವಾದ ಮಾತು ಈ ನೆಲಕ್ಕೆ ಹೊಸತಲ್ಲ. ಕಾಗಿಣಾ ದಂಡೆಯ ಮಳಖೇಡ ಇರುವುದು ಸೇಡಂ ತಾಲ್ಲೂಕಿನಲ್ಲಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ರಚಿಸಿದ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ಅದು. ಈ ನಾಡಿನ ಜನ ಅಳೆದು ಮಾತಾಡಬಲ್ಲರು, ಓದಿನ ಅಭ್ಯಾಸವಿಲ್ಲದವರೂ ಕಾವ್ಯದಲ್ಲಿ ಪಳಗಿದವರು ಎಂದು ಅದು ಹೇಳುತ್ತದೆ. ಸಂಸ್ಕೃತದ ದಂಡಿಯನ್ನು ಎದುರಿಗಿಟ್ಟುಕೊಂಡು ಬರೆದ ಗ್ರಂಥವೇ ಚತ್ತಾಣ, ಬೆದಂಡೆ ಎಂಬ ದೇಸಿ ಪ್ರಕಾರಗಳನ್ನೂ ಹೆಸರಿಸಿತು. ಹೊರಗಿನದನ್ನು ತರುವಾಗ ಒಳಗಿನದನ್ನು ಮರೆಯಬಾರದು ಎಂಬ ಎಚ್ಚರ ಆಗಲೇ ಇತ್ತು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪ ಸಿಕ್ಕಿತಲ್ಲ, ಅದರ ಮೇಲಿರುವುದೂ ಎರಡೇ ಪದ: ರಾಜನೆಂಬ ಬಿರುದು ಮತ್ತು ಅವನ ಹೆಸರು. ಅಷ್ಟು ದೊಡ್ಡ ಚಕ್ರವರ್ತಿಗೆ ಅಷ್ಟು ಸಾಕಾಯಿತು.

ಹತ್ತಿರದ ಉದಾಹರಣೆ ಬೇಕಿದ್ದರೆ ಗಜಲ್ ಇದೆ. ಪಾರಸಿಯಿಂದ ಉರ್ದುವಿಗೆ ಬಂದ ಆ ಪ್ರಕಾರವನ್ನು ಕನ್ನಡದಲ್ಲಿ ಬೇರೂರಿಸಿದವರಲ್ಲಿ ರಾಯಚೂರಿನ ಶಾಂತರಸರು ಮೊದಲಿಗರು. ಇಂದು ಕಲ್ಯಾಣ ಕರ್ನಾಟಕದಲ್ಲಿ ಗಜಲ್ ಪರಕೀಯ ಎಂದು ಯಾರಿಗೂ ಅನಿಸುವುದಿಲ್ಲ. ಹಾಯ್ಕುವಿಗೂ ಆ ಯೋಗ ಬರಬೇಕು ಎಂಬುದು ನನ್ನ ಆಸೆ.

ಎಣಿಕೆಯ ಬಗ್ಗೆ ಒಂದು ಮಾತು. ಜಪಾನೀಯರು ಎಣಿಸುವುದು ಉಚ್ಚಾರದ ಕಾಲವನ್ನು: ದೀರ್ಘಕ್ಕೆ ಎರಡು, ಒತ್ತಿನಲ್ಲಿ ತಡೆಯುವ ಅರ್ಧಧ್ವನಿಗೂ ಒಂದು. ಇದು ನಮ್ಮ ಮಾತ್ರೆಗೆ ತೀರ ಹತ್ತಿರ. ‘ತೊಗರಿ’ ಮೂರು ಮಾತ್ರೆ, ‘ರೊಟ್ಟಿ’ಯೂ ಮೂರು ಮಾತ್ರೆ. ಆದರೆ ವಿಭಕ್ತಿ, ಕ್ರಿಯಾಪದದ ಬಾಲಗಳಿರುವ ಕನ್ನಡಕ್ಕೆ ಹದಿನೇಳು ಮಾತ್ರೆ ಬಹಳ ಬಿಗಿ. ಅಕ್ಷರ ಎಣಿಸುವುದೇ ನಮಗೆ ಸಲೀಸು. ಎಣಿಕೆ ಒಂದೆರಡು ತಪ್ಪಿದರೂ ನಾನು ಕ್ಷಮಿಸುತ್ತೇನೆ. ಋತು ತಪ್ಪಿದರೆ ಕ್ಷಮಿಸಲಾರೆ.

ಐದು ಊರು, ಕೆಲವು ಸಾಲು

ಈ ಸೀಮೆಯಲ್ಲಿ ಹಾಯ್ಕು ಹೇಗಿರಬಹುದು ಎಂದು ತೋರಿಸಲು ನಾನೇ ಕಟ್ಟಿದ ಕೆಲವನ್ನು ಇಡುತ್ತೇನೆ. ಸೇಡಂ, ಮಳಖೇಡ, ವಾಡಿ ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಅಡಿಯಲ್ಲಿ ಸುಣ್ಣಕಲ್ಲು, ಮೇಲೆ ತೊಗರಿ.

ಸಿಮೆಂಟು ಧೂಳು
ಎಲೆಯ ಮ್ಯಾಲೆ; ಹೂವು
ಇವತ್ತಿನದು

ಎಲೆ ಹಳತು, ಅದರ ಮೇಲೆ ಧೂಳು ಕೂತಿದೆ. ಹೂ ಬೆಳಗ್ಗೆಯಷ್ಟೇ ಬಿರಿದದ್ದು, ಇನ್ನೂ ಚೊಕ್ಕ. ಕಾರ್ಖಾನೆಯನ್ನು ಬೈಯುವ ಸಾಲು ಬೇಕಿಲ್ಲ. ನಾಳೆ ಹೂವಿಗೆ ಏನಾಗುತ್ತದೆ ಎಂಬುದನ್ನು ಓದುಗ ತಾನೇ ಕಾಣುತ್ತಾನೆ.

ವಾಡಿ ಎಂದರೆ ರೈಲು. 1874ರಲ್ಲಿ ನಿಜಾಮರ ರೈಲುಮಾರ್ಗ ಸಿಕಂದರಾಬಾದಿನಿಂದ ಬಂದು ಮುಂಬೈ-ಮದರಾಸು ಮಾರ್ಗವನ್ನು ಕೂಡಿದ್ದು ಇಲ್ಲಿಯೇ. ಚಿತ್ತಾಪುರ, ಸೇಡಂ ಆ ಹಳಿಯ ಮೇಲಿನ ಊರುಗಳು. ಸುಣ್ಣಕಲ್ಲಿನ, ಸಿಮೆಂಟಿನ ಗೂಡ್ಸ್ ಗಾಡಿಗಳು ದಾಟುವವರೆಗೆ ಗೇಟಿನಲ್ಲಿ ನಿಲ್ಲುವುದು ಇಲ್ಲಿಯ ದಿನಚರಿಯ ಭಾಗ.

ಗೇಟಿನಾಚೆಗೆ
ಗೂಡ್ಸು ಹೋಗೋ ತನಕ
ಸೀಗಿ ಹುಣ್ಣಿಮಿ

ಶಹಾಬಾದಿಗೆ ಫರಸಿಯೇ ಗುರುತು. ದೇಶದ ಎಷ್ಟೋ ಮನೆಗಳ ನೆಲ ಈ ಬೂದುನೀಲಿ ಕಲ್ಲಿನದು. ಎಂಟು ತಿಂಗಳು ಎಲ್ಲರೂ ನೆರಳು ಹುಡುಕುವ ಈ ನಾಡಿನಲ್ಲಿ ಶರತ್ತು ಮುಗಿದು ಚಳಿ ಕಾಲಿಟ್ಟದ್ದನ್ನು ಮೊದಲು ತಿಳಿಯುವುದು ಬೆಕ್ಕು.

ಫರಸಿ ಮ್ಯಾಲೆ
ನೆರಳು ಬಿಟ್ಟು ಬೆಕ್ಕು
ಬಿಸಿಲ ಕಡೆ

ಚಿಂಚೋಳಿಯ ಕಾಡು, 2011ರಲ್ಲಿ ವನ್ಯಧಾಮವಾದ ಆ ಹಸಿರು, ಯಾರನ್ನಾದರೂ ಬರೆಯಲು ಹಚ್ಚುತ್ತದೆ. ನನಗೆ ಅದಕ್ಕಿಂತ ಕಾಡುವುದು ತಾಂಡಾಗಳ ಮುಚ್ಚಿದ ಬಾಗಿಲುಗಳು. ಕೂಲಿ ಹುಡುಕಿ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದವರ ಮನೆಗಳವು. ಗುಳೆಯೂ ಇಲ್ಲಿ ಒಂದು ಋತುಪದ. ಯಾವ ಸೈಜಿಕಿಯಲ್ಲೂ ಇರದ, ಇರಬಾರದಾಗಿದ್ದ ಪದ.

ದೀಪಾವಳಿಗೆ
ಪಕ್ಕದ ಮನಿ ಬೀಗ
ಒರಸ್ಯಾಳವ್ವ

ಇದರಲ್ಲಿ ಬೀಗ ಹಾಕಿ ಹೋದವರ ಬಗ್ಗೆ ಒಂದು ಮಾತೂ ಇಲ್ಲ. ತನ್ನ ಮನೆ ಸಾರಿಸಿದ ಅವ್ವ ನೆರೆಯವರ ಬಾಗಿಲಿಗೂ ಹಬ್ಬ ಮಾಡಿದಳು, ಅಷ್ಟೇ. ಗುಳೆಯ ಬಗ್ಗೆ ನೂರು ಸಾಲಿನ ಕವಿತೆ ಬರೆಯಬಹುದು, ಬರೆಯಬೇಕು ಕೂಡ. ಆದರೆ ಒಂದು ಬೀಗವನ್ನು ಇಷ್ಟು ಹತ್ತಿರದಿಂದ ನೋಡಲು ಚಿಕ್ಕ ಪದ್ಯವೇ ಬೇಕು.

ಐದೂ ಊರುಗಳ ಕನ್ನಡ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ನನ್ನದೊಂದು ಬೇಡಿಕೆ. ಮಕ್ಕಳಿಗೆ ಐದು-ಏಳು-ಐದು ಕಲಿಸುವ ಮೊದಲು ಒಂದು ನೋಟ್‌ಬುಕ್ ಕೊಡಿ. ಅಜ್ಜ-ಅಮ್ಮಂದಿರನ್ನು ಕೇಳಿ ಮಳೆಗಳ ಹೆಸರು, ಆಯಾ ಮಳೆಗೆ ಹೊಲದಲ್ಲಿ ನಡೆಯುವ ಕೆಲಸ, ಆಗ ಕಾಣುವ ಹಕ್ಕಿ-ಹುಳ, ಮನೆಯಲ್ಲಿ ಮಾಡುವ ಅಡುಗೆ ಎಲ್ಲವನ್ನೂ ಬರೆದುಕೊಂಡು ಬರಲು ಹೇಳಿ. ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳು ತಮ್ಮ ಮಾತಿನ ಪದಗಳನ್ನೇ ತರಲಿ. ಒಂದು ವರ್ಷ ಹೀಗೆ ಸಂಗ್ರಹಿಸಿದರೆ ಈ ಸೀಮೆಯದೇ ಋತುಕೋಶವೊಂದು ಸಿದ್ಧವಾಗುತ್ತದೆ. ಸ್ವಾತಿ, ವಿಶಾಖ ಮಳೆಗಳ ಹೆಸರು ಬಾಯಲ್ಲಿ ಇಟ್ಟುಕೊಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿರುವಾಗಲೇ ಈ ಕೆಲಸ ಮಾಡಿ.