ಕುಮಟೆಯ ಹತ್ತಿಯೂ ಕುವೈಟಿನ ಬಟ್ಟೆಯಂಗಡಿಯೂ

ಮುಬಾರಕಿಯಾ ಪೇಟೆಯ ಬಟ್ಟೆಯಂಗಡಿಗಳನ್ನು ಕಾಣದ ಕನ್ನಡ ಕುಟುಂಬ ಕುವೈಟಿನಲ್ಲಿ ಇರಲಾರದು. ರಜೆಗೆ ಊರಿಗೆ ಹೊರಡುವ ತಿಂಗಳು ಬಂತೆಂದರೆ ನಮ್ಮ ಗೃಹಿಣಿಯರ ಪಾದಯಾತ್ರೆ ಅಲ್ಲಿಂದಲೇ ಆರಂಭ. ಯಜಮಾನರ ಪಾಲಿಗೆ ಚೀಲ ಹೊರುವ ಸೇವೆ. ಆದರೆ ಅಲ್ಲಿ ಬಿಚ್ಚಿ ಹರಡುವ ಥಾನುಗಳೆಲ್ಲ ಹಡಗೇರಿ ಬಂದವು. ಹತ್ತಿ ಬೆಳೆಯದ, ನೂಲಿನ ಗಿರಣಿಯಿಲ್ಲದ ಊರೊಂದು ಬಟ್ಟೆಯ ಪೇಟೆಯಾದದ್ದು ಹೇಗೆಂದು ಯೋಚಿಸಿದಾಗಲೆಲ್ಲ ನಮಗೆ ನೆನಪಾಗುವುದು ನಮ್ಮದೇ ಕರಾವಳಿಯ ಕುಮಟಾ.

19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಹತ್ತಿಪೇಟೆಯ ದರಪಟ್ಟಿಗಳಲ್ಲಿ ಸೂರತ್, ಬ್ರೋಚ್‌ಗಳ ಸಾಲಿನಲ್ಲಿ ‘ಕೂಂಪ್ಟಾ’ ಎಂಬ ಹೆಸರೂ ಇರುತ್ತಿತ್ತು. ಅದೇ ನಮ್ಮ ಕುಮಟಾ. ಸ್ವಾರಸ್ಯವೇನೆಂದರೆ ಕುಮಟೆಯ ಹೊಲಗಳಲ್ಲಿರುವುದು ಭತ್ತ ಮತ್ತು ತೆಂಗು, ಹತ್ತಿಯಲ್ಲ. ಹತ್ತಿ ಬೆಳೆಯುತ್ತಿದ್ದದ್ದು ಘಟ್ಟದ ಮೇಲೆ, ಧಾರವಾಡ, ಹುಬ್ಬಳ್ಳಿ, ಗದಗದ ಎರೆಭೂಮಿಯಲ್ಲಿ. ಅಲ್ಲಿಯ ಜವಾರಿ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿಯ ಮೇಲೆ ಬಂದು, ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಮಂಜಿಗಳನ್ನೇರಿ ಮುಂಬಯಿಗೆ ಹೋಗುತ್ತಿತ್ತು. ಹಡಗೇರಿದ ಊರಿನ ಹೆಸರೇ ಹತ್ತಿಗೂ ಅಂಟಿತು.

ಈ ಸಾಗಾಟ ಸುಲಭದ್ದಾಗಿರಲಿಲ್ಲ. ಎರೆಹೊಲದ ಹತ್ತಿ ಬಿಡಿಸುವುದು ಮಾಗಿ ಕಳೆದ ಮೇಲೆ. ಮಳೆಗಾಲಕ್ಕೆ ಕುಮಟೆಯ ತೆರೆದ ಬಂದರು ಮುಚ್ಚುತ್ತದೆ. ಆ ನಡುವಣ ಕೆಲವೇ ವಾರಗಳಲ್ಲಿ ಘಟ್ಟ ಇಳಿಸಿ, ಅಂಡಿಗೆ ಕಟ್ಟಿ, ದೋಣಿ ಹತ್ತಿಸಬೇಕು. ತಡವಾದರೆ ವರ್ಷದ ಬೆಳೆ ಮಳೆಯಲ್ಲಿ ನೆನೆಯಿತೆಂದೇ ಲೆಕ್ಕ. ಮಳೆ ಬಾರದಿದ್ದರೂ ನೆನೆಸುವವರಿದ್ದರು ಎನ್ನಿ! ತೂಕ ಹೆಚ್ಚಲೆಂದು ನೀರು ಚಿಮುಕಿಸುವುದು, ಬೀಜ ಬೆರೆಸುವುದು ಎಷ್ಟು ಬೆಳೆಯಿತೆಂದರೆ 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸಕ್ಕೆಂದೇ ಒಂದು ಕಾಯಿದೆ ಮಾಡಬೇಕಾಯಿತು.

ಆ ಕಾಯಿದೆಯ ಕಾಲವನ್ನು ಗಮನಿಸಬೇಕು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿತ್ತು. ಲಂಕಾಷೈರಿನ ಗಿರಣಿಗಳು ತಮ್ಮ ಹತ್ತಿಯ ಮುಕ್ಕಾಲು ಪಾಲಿಗೂ ಹೆಚ್ಚನ್ನು ಅಮೆರಿಕದ ದಕ್ಷಿಣ ರಾಜ್ಯಗಳಿಂದ ತರಿಸುತ್ತಿದ್ದವು. ಅಲ್ಲಿಯ ಬಂದರುಗಳಿಗೆ ದಿಗ್ಬಂಧನ ಬಿದ್ದೊಡನೆ ಮ್ಯಾಂಚೆಸ್ಟರಿನ ಕಣ್ಣು ನಮ್ಮ ಧಾರವಾಡದ ಮೇಲೆ ಬಿತ್ತು. ಧಾರವಾಡಕ್ಕೆ 1840ರ ದಶಕದಲ್ಲೇ ಅಮೆರಿಕದ ಬೀಜವೂ, ಗರಗಸದ ಜಿನ್ನೂ, ಅವುಗಳ ಜೊತೆಗೆ ಅಮೆರಿಕದ ಬೇಸಾಯಗಾರರೂ ಬಂದಿದ್ದರು. ‘ಧಾರವಾಡ-ಅಮೆರಿಕನ್’ ಎಂಬ ತಳಿ ಅಲ್ಲಿ ಬೇರೂರಿತ್ತು. ಬೆಲೆ ಹಲವು ಪಟ್ಟು ಏರಿತು.

ಇಲ್ಲಿ ನಮ್ಮ ನಾಡಿನ ಭೂಪಟಕ್ಕೇ ಸಂಬಂಧಿಸಿದ ಸಂಗತಿಯೊಂದಿದೆ. ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಅದರ ಹತ್ತಿ ಇಳಿಯುವ ಕರಾವಳಿ ಮದರಾಸಿನದು. ಕಾರವಾರದಲ್ಲಿ ಒಳ್ಳೆಯ ಬಂದರು ಕಟ್ಟಬೇಕು, ಘಟ್ಟಕ್ಕೆ ರಸ್ತೆಯಾಗಬೇಕು, ಇದು ಮದರಾಸಿನಿಂದ ಆಗದ ಕೆಲಸ ಎಂದು ಹತ್ತಿಯ ವರ್ತಕರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನು ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು. ದಕ್ಷಿಣ ಕೆನರಾ ಮದರಾಸಿನಲ್ಲೇ ಉಳಿಯಿತು. ಭಟ್ಕಳದವನು ಮುಂಬಯಿಯವನಾದ, ಕುಂದಾಪುರದವನು ಮದರಾಸಿನವನಾದ! 1956ರ ಏಕೀಕರಣದವರೆಗೆ ಹೀಗೇ ನಡೆಯಿತು. ನಮ್ಮ ಸಂಘದ ಸಭೆಗಳಲ್ಲಿ ಉತ್ತರ-ದಕ್ಷಿಣ ಎಂದು ತಮಾಷೆಗೆ ಕಾಲೆಳೆದುಕೊಳ್ಳುವವರು ಈ ಗಡಿಗೆ ಹತ್ತಿಯ ನೂಲೂ ಸೇರಿದೆ ಎಂಬುದನ್ನು ನೆನಪಿಡಬೇಕು.

ಕಾರವಾರದ ಸದಾಶಿವಗಡದಲ್ಲಿ ನೆಲೆಯೂರಲು ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆಯೇ ಇಂಗ್ಲೆಂಡಿನಿಂದ ಬಂದಿತು. ರಸ್ತೆ ಸಮಯಕ್ಕೆ ಆಗಲಿಲ್ಲ. ಕಂಪನಿ ಕೆಲವೇ ವರ್ಷಗಳಲ್ಲಿ ಕಣ್ಣು ಮುಚ್ಚಿತು. 1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಮುಗಿಯುತ್ತಲೇ ಹತ್ತಿಯ ಬೆಲೆ ಕುಸಿಯಿತು. ಅದರೊಡನೆ ಮುಂಬಯಿಯ ಷೇರುಪೇಟೆಯೂ ಕುಸಿಯಿತು. ಸಮುದ್ರ ತುಂಬಿಸಿ ನೆಲ ಮಾಡುವ ‘ಬ್ಯಾಕ್ ಬೇ’ ಕಂಪನಿಯ 5,000 ರೂಪಾಯಿಯ ಷೇರು 50,000 ಮುಟ್ಟಿದ್ದು ಆ ಹುಚ್ಚಿನಲ್ಲೇ. ಹತ್ತಿಯ ರಾಜ ಪ್ರೇಮಚಂದ್ ರಾಯಚಂದ್ ದಿವಾಳಿಯಾದರು. ಅವರು ತಾಯಿಯ ಹೆಸರಿನಲ್ಲಿ ಕಟ್ಟಿಸಿದ ರಾಜಾಬಾಯಿ ಗೋಪುರ ಇಂದಿಗೂ ಗಂಟೆ ಹೊಡೆಯುತ್ತಿದೆ. 1982ರ ಆಗಸ್ಟಿನಲ್ಲಿ ಇಲ್ಲಿಯ ಸೂಕ್ ಅಲ್-ಮನಾಖ್ ಷೇರುಪೇಟೆ ಮುಂದಿನ ತಾರೀಖಿನ ಚೆಕ್ಕುಗಳ ಭಾರದಿಂದ ನೆಲಕಚ್ಚಿದ್ದನ್ನು ಬಲ್ಲ ನಮ್ಮ ಹಿರಿಯ ಸದಸ್ಯರಿಗೆ ಈ ಕತೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ಚೆಕ್ಕುಗಳ ಮೊತ್ತ 9,400 ಕೋಟಿ ಡಾಲರು ಎಂದು ಲೆಕ್ಕವಾಗಿತ್ತು.

ಬೆಲೆಯ ಕುಸಿತವನ್ನು ಕುಮಟಾ ಹೇಗೋ ತಾಳಿಕೊಂಡಿತು. ಅದನ್ನು ಮುಗಿಸಿದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ-ಧಾರವಾಡಕ್ಕೆ ಬಂದು, ಗೋವೆಯ ಮರ್ಮಗೋವಾ ಬಂದರಿಗೆ ಕೂಡಿಕೊಂಡಿತು. ಹತ್ತಿ ಗಾಡಿ ಬಿಟ್ಟು ರೈಲು ಹತ್ತಿತು. ದೇವಿಮನೆ ಘಟ್ಟದಲ್ಲಿ ಎತ್ತಿನ ಕೊರಳ ಗಂಟೆ ಕಡಿಮೆಯಾಯಿತು. ಕುಮಟೆಯ ಹತ್ತಿ ಎಂಬ ಹೆಸರು ಮಾತ್ರ ಪೇಟೆಯಲ್ಲಿ ಬಹುಕಾಲ ಉಳಿಯಿತು.

ಹೋದ ಹತ್ತಿಯೆಲ್ಲ ಏನಾಯಿತು? ಬಟ್ಟೆಯಾಗಿ ನಮಗೇ ಮರಳಿ ಬಂತು. 1913ರಲ್ಲಿ ಬ್ರಿಟನ್ ಸುಮಾರು 700 ಕೋಟಿ ಗಜ ಹತ್ತಿ ಬಟ್ಟೆಯನ್ನು ಹೊರದೇಶಗಳಿಗೆ ಮಾರಿತು. ಅದರಲ್ಲಿ 300 ಕೋಟಿ ಗಜದಷ್ಟು ಭಾರತವೊಂದಕ್ಕೇ. ನಮ್ಮಲ್ಲೂ ಗಿರಣಿಗಳು ಎದ್ದವೆನ್ನುವುದು ನಿಜ. ಬೆಂಗಳೂರಿನಲ್ಲಿ 1884ರಲ್ಲಿ ಸ್ಥಾಪನೆಯಾಗಿ ಮುಂದೆ ಬಿನ್ನಿ ಕಂಪನಿಯ ಕೈಸೇರಿದ ಗಿರಣಿ, 1887ರಿಂದ ಘಟಪ್ರಭೆಯ 170 ಅಡಿ ಜಲಪಾತದ ಬಲದಿಂದ ನೂಲು ತೆಗೆದ ಗೋಕಾಕ ಗಿರಣಿ, ಆಮೇಲೆ ದಾವಣಗೆರೆ; ಇವುಗಳ ಕತೆಯನ್ನು ಇನ್ನೊಂದು ಸಂಚಿಕೆಗೆ ಬಿಡೋಣ.

ಆದರೆ ಮಂಗಳೂರನ್ನು ಬಿಡುವಂತಿಲ್ಲ. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರಿಗೆ ಬೇಗನೆ ಒಂದು ಕಷ್ಟ ಎದುರಾಯಿತು: ಮತ ಬದಲಿಸಿದವರು ಜಾತಿಯೊಡನೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಅನ್ನದ ದಾರಿಯಾಗಿ ಮಗ್ಗ ಹೂಡಿದರು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಬಲ್ಮಠದಲ್ಲಿ ಯುರೋಪಿನ ಮಗ್ಗಗಳನ್ನೂ ಬಣ್ಣದ ಮನೆಯನ್ನೂ ನಿಲ್ಲಿಸಿದ. ಖಾಕಿ ಬಣ್ಣ ಹುಟ್ಟಿದ್ದೇ ಅಲ್ಲಿ ಎಂದು ಮಂಗಳೂರಿನವರು ಎದೆಯುಬ್ಬಿಸಿ ಹೇಳುತ್ತಾರೆ. ಅದಕ್ಕೂ ಮೊದಲೇ, 1840ರ ದಶಕದ ಕೊನೆಗೆ, ವಾಯವ್ಯ ಗಡಿಯ ‘ಗೈಡ್ಸ್’ ಪಡೆ ಧೂಳುಬಣ್ಣದ ಉಡುಪು ತೊಟ್ಟಿತ್ತು. ಆದ್ದರಿಂದ ಹುಟ್ಟಿದ್ದು ಪೇಶಾವರದ ಕಡೆ, ಗಟ್ಟಿ ಬಣ್ಣವಾಗಿ ಬಟ್ಟೆಯಲ್ಲಿ ಕುಳಿತದ್ದು ಮಂಗಳೂರಿನಲ್ಲಿ ಎಂದರೆ ಇಬ್ಬರಿಗೂ ನ್ಯಾಯ ಸಲ್ಲೀತು ಎಂಬುದು ನಮ್ಮ ತೀರ್ಪು. ಖಾಕ್ ಎಂದರೆ ಪಾರಸಿಯಲ್ಲಿ ಧೂಳು. ಆ ಬಣ್ಣ ಹೇಗಿರುತ್ತದೆಂದು ಕುವೈಟಿನ ಜೂನ್ ತಿಂಗಳನ್ನು ಕಂಡ ನಮಗೆ ಯಾರೂ ಹೇಳಿಕೊಡಬೇಕಿಲ್ಲ! ಮೊದಲ ಮಹಾಯುದ್ಧ ಬಂದಾಗ ಜರ್ಮನ್ ನಂಟಿನ ಮಿಶನ್ನಿನ ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. ಯುದ್ಧಾನಂತರ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಇನ್ನು ಕುವೈಟಿಗೆ ಬರೋಣ. ಎಣ್ಣೆಗೆ ಮೊದಲು ಈ ಊರೂ ಕುಮಟೆಯಂತೆ ಬೇರೆಯವರ ಸರಕನ್ನು ಸಾಗಿಸಿ ಬದುಕಿದ್ದು. ಇಲ್ಲಿಯ ‘ಬೂಮ್’ ಹಡಗುಗಳು ಬಸ್ರಾದ ಖರ್ಜೂರ ತುಂಬಿಕೊಂಡು ಕರಾಚಿ, ಮುಂಬಯಿ, ಮಂಗಳೂರು, ಕಲ್ಲಿಕೋಟೆಗಳಿಗೆ ಬಂದು, ತೇಗದ ಮರ, ತೆಂಗಿನ ಹಗ್ಗ, ಸಂಬಾರ ಒಯ್ಯುತ್ತಿದ್ದವು. ಹಡಗಿನ ಮೈ ಮಲಬಾರಿನ ತೇಗ, ಹಾಯಿ ಹತ್ತಿಯದು. ಬಟ್ಟೆಯ ದೊಡ್ಡ ಪಾಲು, ಮ್ಯಾಂಚೆಸ್ಟರಿನದಿರಲಿ ಮುಂಬಯಿ ಗಿರಣಿಯದಿರಲಿ, ಮುಂಬಯಿಯ ಮೂಲಕವೇ ಬರುತ್ತಿತ್ತು. 1862ರಿಂದ ಬ್ರಿಟಿಷ್ ಇಂಡಿಯಾ ಕಂಪನಿಯ ಉಗಿಹಡಗುಗಳು ಕೊಲ್ಲಿಯ ಬಂದರುಗಳಿಗೆ ಓಡಾಡಿದವು. ದುಮ್ರಾ, ದ್ವಾರಕಾ ಎಂದರೆ ನಮ್ಮಲ್ಲಿ ಕೆಲವು ಮನೆಗಳ ಅಜ್ಜಂದಿರ ಮುಖ ಅರಳುವುದು ಈ ಹಡಗುಗಳಲ್ಲೇ ಅವರು ಬಂದಿಳಿದದ್ದರಿಂದ. ಕೊಡುಕೊಳ್ಳುವ ನಾಣ್ಯವೂ ನಮ್ಮ ರೂಪಾಯಿಯೇ. ಚಿನ್ನದ ಕಳ್ಳಸಾಗಣೆ ತಡೆಯಲೆಂದು 1959ರಲ್ಲಿ ಕೊಲ್ಲಿಗೇ ಬೇರೆ ರೂಪಾಯಿ ಮುದ್ರಿಸಿದರು. 1961ರ ಏಪ್ರಿಲಿನಲ್ಲಿ ದಿನಾರು ಬಂದಾಗ ಒಂದಕ್ಕೆ ಹದಿಮೂರು ರೂಪಾಯಿ ಐದಾಣೆಯಷ್ಟು ಬೆಲೆ. ಈಗಿನ ದರ ನೆನೆದು ಯಾರೂ ನಿಟ್ಟುಸಿರು ಬಿಡಬೇಡಿ, ಆ ನಿಟ್ಟುಸಿರಿನಲ್ಲೇ ನಮ್ಮ ಮನೆ ನಡೆಯುತ್ತಿದೆ.

ಕುವೈಟಿನ ಸ್ವಂತ ಸರಕೆಂದರೆ ಮುತ್ತು. ಜಪಾನಿನ ಸಾಕಿದ ಮುತ್ತು ಮತ್ತು 1929ರ ಜಗತ್ತಿನ ಹಣದ ಮುಗ್ಗಟ್ಟು ಸೇರಿ ಅದನ್ನು ಮುಗಿಸಿದವು. ಅದೇ ಜಪಾನು 1933ರಲ್ಲಿ ಬ್ರಿಟನ್ನನ್ನೂ ಹಿಂದೆ ಹಾಕಿ ಜಗತ್ತಿನಲ್ಲೇ ಅತಿ ಹೆಚ್ಚು ಗಜ ಹತ್ತಿ ಬಟ್ಟೆ ಮಾರಿತು. ಈಗಲೂ ಒಳ್ಳೆಯ ದಿಶ್ದಾಶಾ ಹೊಲಿಸುವವರು ಜಪಾನಿನ ಬಟ್ಟೆಯನ್ನೇ ಕೇಳುತ್ತಾರೆ. ನಮ್ಮವರೇನು ಕಡಿಮೆಯೆ? 1970-80ರ ದಶಕಗಳಲ್ಲಿ ಊರಿಗೆ ಹೊರಟ ಪೆಟ್ಟಿಗೆಗಳಲ್ಲಿ ತುಂಬಿರುತ್ತಿದ್ದದ್ದು ಜಪಾನಿನ ‘ಫಾರಿನ್’ ಸೀರೆ, ಟೆಟ್ರಾನ್ ಶರ್ಟಿನ ತುಂಡು. ಹತ್ತಿಯ ನಾಡಿಗೆ, ಹತ್ತಿಯೇ ಇಲ್ಲದ ಬಟ್ಟೆಯನ್ನು, ಹತ್ತಿ ಬೆಳೆಯದ ಊರಿನಿಂದ ನಾವೇ ಹೊತ್ತು ಹಾಕಿದೆವು. ಇಳಕಲ್ಲಿನ ಮಗ್ಗದ ಮುಂದೆ ಕುಳಿತವನ ಗಿರಾಕಿಯನ್ನು ಅಷ್ಟರಮಟ್ಟಿಗೆ ನಾವೂ ಕಿತ್ತುಕೊಂಡೆವು.

ಇಲ್ಲಿಯ ಸ್ವಂತ ನೇಯ್ಗೆ ನೋಡಬೇಕೆಂದರೆ ಮಕ್ಕಳನ್ನು ಕೊಲ್ಲಿ ರಸ್ತೆಯ ಸದು ಭವನಕ್ಕೆ ಕರೆದೊಯ್ಯಿರಿ. ಬದೂಯಿ ಹೆಂಗಸರು ಉಣ್ಣೆಯ ನೂಲನ್ನು ನೆಲದ ಮೇಲೆ ಹಾಸಿದ ಮಗ್ಗದಲ್ಲಿ ನೇಯುವ ಈ ಕಲೆ 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಮ್ಮ ಕುರುಬರ ಕಂಬಳಿಯನ್ನು ಕಂಡವರಿಗೆ ಇದರ ಒರಟು ಸ್ಪರ್ಶ ಅಪರಿಚಿತವೆನಿಸದು.

ಕುಮಟೆಗೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯೊಡನೆ. ಅದು ಕರಾವಳಿಯುದ್ದಕ್ಕೆ ಓಡುವ ಹಳಿ. ಹತ್ತಿಯ ವರ್ತಕರ ಕಾಲದಿಂದ ಕೇಳುತ್ತ ಬಂದ, ಹುಬ್ಬಳ್ಳಿಯಿಂದ ಘಟ್ಟ ಇಳಿದು ಅಂಕೋಲೆಗೆ ಬರಬೇಕಾದ ಹಳಿ, ಕಾಡಿನ ಮೇಲಣ ವ್ಯಾಜ್ಯದಲ್ಲಿ ಸಿಕ್ಕಿ ಇನ್ನೂ ಘಟ್ಟ ಇಳಿದಿಲ್ಲ. ಈ ಬೇಸಿಗೆಯ ರಜೆಯಲ್ಲಿ ಕುಮಟೆಯಿಂದ ಹುಬ್ಬಳ್ಳಿಗೆ ಹೋಗುವ ನಮ್ಮ ಸದಸ್ಯರೂ ಘಟ್ಟದ ರಸ್ತೆಯನ್ನೇ ಹತ್ತಬೇಕು.